ಮಣ್ಣಿಲ್ಲದ ಅರ್ಧ ದೇಶ

ಟೊರೊಂಟೊಗೆ ಹೊರಟಿರುವ ನಮ್ಮ ಟೀಮಿನ ಹುಡುಗ ಕೇಳಿದ: "ಅಷ್ಟು ದೊಡ್ಡ ದೇಶ, ಜನ ಕಡಿಮೆ. ಮತ್ತೆ ಬಾಡಿಗೆ ಯಾಕೆ ನಮ್ಮ ಮುಂಬೈ ಥರ?" ಉತ್ತರದ ಒಂದು ಪಾಲು ನೆಲದಲ್ಲೇ ಇದೆ.

ನಕಾಶೆಯಲ್ಲಿ ಹಡ್ಸನ್ ಕೊಲ್ಲಿಯ ಸುತ್ತ ಕುದುರೆ ಲಾಳದಂತೆ ಹಬ್ಬಿದ್ದು ಕೆನಡಿಯನ್ ಶೀಲ್ಡ್, ದೇಶದ ಸುಮಾರು ಅರ್ಧ. ಹಿಮಯುಗದ ಹಿಮರಾಶಿ ಅಲ್ಲಿನ ಮಣ್ಣನ್ನು ಕೆರೆದು ಹಾಕಿತು. ಉಳಿದದ್ದು ಬಂಡೆ, ಕಾಡು, ಲೆಕ್ಕವಿಲ್ಲದಷ್ಟು ಕೆರೆ. ನಿಕ್ಕಲ್ ಸಿಗುತ್ತದೆ, ಚಿನ್ನವೂ ಸಿಗುತ್ತದೆ. (ಹಟ್ಟಿ, ಕೋಲಾರದ ಚಿನ್ನವೂ 250 ಕೋಟಿ ವರ್ಷ ದಾಟಿದ ಅಂಥದೇ ಬಂಡೆಯದು.) ಗೋಧಿ ಮಾತ್ರ ಬೆಳೆಯದು, ಅದಕ್ಕೆ ಪ್ರೇರಿ ಬಯಲೇ ಬೇಕು. ಅರ್ಧಕ್ಕೂ ಹೆಚ್ಚು ಜನ ಸೇರಿರುವುದು ಮಹಾಸರೋವರ–ಸೇಂಟ್ ಲಾರೆನ್ಸ್ ತಗ್ಗಿನ ಪುಟ್ಟ ತುಂಡಿನಲ್ಲಿ. ಟೊರೊಂಟೊ ಇರುವುದೂ ಅಲ್ಲೇ.

ಹುಡುಗ ಸುಮ್ಮನಾದ. ಪುಣೆಯ ಫ್ಲಾಟಿನ ಕಂತು ಇನ್ನೂ 11 ವರ್ಷ ಇದೆಯಂತೆ.