ಸೀತಾಳೆದಂಡೆಯ ಬೇರಿಗೆ ಗಾಳಿಯಾಡಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಹಲಸು, ಮಾವಿನ ಮರಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ನೇರಳೆ ಚುಕ್ಕೆಯ ಬಿಳಿ ಹೂಗೊಂಚಲು ಜಡೆಯಂತೆ ಇಳಿಬೀಳುತ್ತದೆ. ಅದು ಸೀತಾಳೆದಂಡೆ, ನಮ್ಮದೇ ಆರ್ಕಿಡ್. ಪರಿಮಳ ಮೆಲುವಾದದ್ದು, ಹತ್ತಿರ ಹೋದರೆ ತಿಳಿಯುತ್ತದೆ. ಅಸ್ಸಾಮಿನಲ್ಲಿ ಇದು ರಾಜ್ಯಪುಷ್ಪ. ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುತ್ತಾರೆ. ನಮ್ಮಲ್ಲಿ ಬಂದಣಿಕೆಯೆಂದು ಕಿತ್ತೆಸೆಯುವವರೂ ಇದ್ದಾರೆ, ಚಂದ ಕಂಡು ಮಣ್ಣಿನಲ್ಲಿ ನೆಟ್ಟು ಕೊಳೆಸುವವರೂ ಇದ್ದಾರೆ.

ಬಂದಣಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆದಂಡೆ ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಅದರ ದಪ್ಪ ಬೇರಿನ ಮೇಲೆ ಬಿಳಿಯ ಸ್ಪಂಜಿನಂಥ ಪದರವಿದೆ. ನೀರು ಚಿಮುಕಿಸಿದರೆ ಬಿಳಿಬೇರು ಹಸಿರಾಗುತ್ತದೆ. ಒಣಗಿದಾಗ ಮತ್ತೆ ಬಿಳಿ. ಈ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಮುಚ್ಚಿದರೆ ಉಸಿರುಗಟ್ಟಿ ಕೊಳೆಯುತ್ತದೆ.

ಆದ್ದರಿಂದ ಮರದ ಪಟ್ಟಿಯ ತೂಗುಬುಟ್ಟಿಯೇ ಸರಿ. ಅದಕ್ಕೆ ಹೆಂಚಿನ ಚೂರು, ಇದ್ದಿಲು, ಒಂದೆರಡು ತುಂಡು ತೆಂಗಿನ ಸಿಪ್ಪೆ ಸಾಕು. ಸಿಪ್ಪೆ ಹೆಚ್ಚಾದರೆ ಆಟಿಯ ಜಡಿಮಳೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಗಿಡವನ್ನು ನೆಟ್ಟಗೆ ನಿಲ್ಲಿಸದೆ ವಾಲಿಸಿ ಕಟ್ಟಬೇಕು. ಮರದಲ್ಲಿ ಅದು ಓರೆಯಾಗಿ ಬೆಳೆಯುವುದರಿಂದ ಸುಳಿಯಲ್ಲಿ ನಿಂತ ನೀರು ಜಾರಿಹೋಗುತ್ತದೆ. ನೆಟ್ಟಗಿದ್ದರೆ ಸುಳಿ ಕೊಳೆತು ಗಿಡವೇ ಹೋಗುತ್ತದೆ.

ಮಳೆಗಾಲದಲ್ಲಿ ಬುಟ್ಟಿ ಜಗಲಿಯ ಅಂಚಿನಲ್ಲಿ, ಮಾಡಿನ ನೀರು ನೇರ ಸುರಿಯದ ಕಡೆ ಇರಲಿ. ಆಗ ಬೇರೆ ನೀರು ಬೇಡ. ಚಳಿಯ ತಿಂಗಳುಗಳಲ್ಲಿ ಬೇರು ಪೂರ್ತಿ ಬೆಳ್ಳಗಾದ ಮೇಲಷ್ಟೇ ನೀರು ಕೊಡಿ. ಮಾರ್ಚ್‌, ಏಪ್ರಿಲ್‌ನ ಸೆಕೆಯಲ್ಲಿ ದಿನವೂ ಬೆಳಿಗ್ಗೆ ಬೇರು ಹಸಿರಾಗುವವರೆಗೆ ಕೊಡಿ. ಬೆಳಗಿನ ಎಳೆ ಬಿಸಿಲು ಸಿಗದಿದ್ದರೆ ಎಲೆ ಸೊಂಪಾಗಿ ಬೆಳೆದರೂ ಹೂ ಬಿಡುವುದು ಕಷ್ಟ. ಗೊಬ್ಬರ ಕೊಡುವುದಾದರೆ ಬೆಳವಣಿಗೆಯ ಕಾಲದಲ್ಲಿ, ತೀರಾ ತೆಳ್ಳಗೆ ಮಾಡಿ.

ಗಿಡ ಎಲ್ಲಿಂದ ತರುವುದು? ನರ್ಸರಿಯಿಂದ, ಇಲ್ಲವೇ ನಿಮ್ಮದೇ ತೋಟದಲ್ಲಿ ಗಾಳಿಮಳೆಗೆ ಮುರಿದುಬಿದ್ದ ಕೊಂಬೆಯಿಂದ. ಬೆಳ್ತಂಗಡಿಯ ಘಟ್ಟದಂಚಿಗೂ ಚಾಚಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೇಲಾಗಿ, ಕಿತ್ತಾಗ ಬೇರು ಹರಿದ ಗಿಡ ಸುಧಾರಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ.

ಮೊದಲ ವರ್ಷವೇ ಹೂ ಬರಲಿಲ್ಲವೆಂದು ಬುಟ್ಟಿಯ ಜಾಗ ಪದೇಪದೇ ಬದಲಿಸಬೇಡಿ. ಬೇರಿನ ತುದಿ ಹೊಸದಾಗಿ ಹಸಿರಾಗಿ ಚಿಗುರುತ್ತಿದ್ದರೆ ಗಿಡಕ್ಕೆ ಜಾಗ ಹಿಡಿಸಿದೆ ಎಂದೇ ತಿಳಿಯಿರಿ.