‘ಕ್ಷುಲ್ಲಕ ಕಾರಣ’ಕ್ಕೆ ನಡೆದದ್ದು

ಪತ್ರಿಕೆಯ ಜಿಲ್ಲಾ ಸುದ್ದಿಯ ಪುಟದಲ್ಲಿ ಆಗಾಗ ಕಣ್ಣಿಗೆ ಬೀಳುವ ಶೀರ್ಷಿಕೆ: ‘ಕ್ಷುಲ್ಲಕ ಕಾರಣಕ್ಕೆ ಹಲ್ಲೆ’. ಓದುಗ ಮುಂದಿನ ಸುದ್ದಿಗೆ ಹೋಗುತ್ತಾನೆ. ಕಾರಣವೇ ಕ್ಷುಲ್ಲಕವಾದ ಮೇಲೆ ತಿಳಿಯುವುದಕ್ಕೇನಿದೆ? ಆದರೆ ಈ ಎರಡು ಪದಗಳ ಜಾಡು ಹಿಡಿದು ಹೋದರೆ ಅದು ಎಷ್ಟೋ ಸಲ ಪೊಲೀಸ್ ಠಾಣೆಯ ರೈಟರ್ ಮೇಜಿನ ಬಳಿ ಹೋಗಿ ನಿಲ್ಲುತ್ತದೆ.

2014ರ ಆಗಸ್ಟ್ 28ರಂದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆ ನಡೆಯಿತು, ಮನೆಗಳಿಗೆ ಬೆಂಕಿ ಬಿತ್ತು. ಮೇಲುನೋಟದ ಕಾರಣ, ಸಿನಿಮಾ ಟಿಕೆಟ್ಟಿಗಾಗಿ ಆದ ಜಗಳ. ಇದಕ್ಕಿಂತ ಕ್ಷುಲ್ಲಕವಾದದ್ದು ಇನ್ನೇನಿದ್ದೀತು? ಆದರೆ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳುವುದಿಲ್ಲವೆಂಬ ತಕರಾರು ಆ ಊರಿನಲ್ಲಿ ಹೊಗೆಯಾಡುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟು ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು, ಆ ಮಾತು ಬೇರೆ. ಟಿಕೆಟ್ಟಿನ ಜಗಳವೆಂದಷ್ಟೇ ಬರೆದು ಮುಗಿಸಿದ್ದರೆ ಮೊಕದ್ದಮೆ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ಬರೆದುಕೊಳ್ಳುವುದರಲ್ಲೇ ಎಲ್ಲ ಇದೆ. ಏಟು ತಿಂದ ಹುಡುಗನೊಬ್ಬ ರಾತ್ರಿ ಎಂಟಕ್ಕೆ ಠಾಣೆಯ ಮೆಟ್ಟಿಲು ಹತ್ತಿದನೆಂದುಕೊಳ್ಳಿ. “ಯಾರು ಹೊಡೆದ್ರು? ಯಾವುದರಲ್ಲಿ ಹೊಡೆದ್ರು? ಯಾರು ನೋಡಿದ್ರು?” ಎಂಬ ಪ್ರಶ್ನೆಗಳು ಬರುತ್ತವೆ. “ಹೊಡೆಯುವಾಗ ಏನಂತ ಬೈದ್ರು?” ಎಂಬ ಪ್ರಶ್ನೆ ಬಾರದೆ ಹೋಗಬಹುದು. ಹುಡುಗನೂ ತಾನಾಗಿ ಹೇಳುವುದಿಲ್ಲ. ಆ ಬೈಗುಳವನ್ನು ಹತ್ತು ಜನರೆದುರು ಮತ್ತೆ ಉಚ್ಚರಿಸುವುದೆಂದರೆ ಇನ್ನೊಮ್ಮೆ ಏಟು ತಿಂದಂತೆ. ದೂರಿನಲ್ಲಿ ಗಾಯ ಉಳಿಯುತ್ತದೆ, ದ್ವೇಷ ಬಿಟ್ಟುಹೋಗುತ್ತದೆ. ತಿಂಗಳ ನಂತರ ಹೇಳಿದರೆ ಎದುರು ಪಕ್ಷದ ವಕೀಲರ ಮಾತು ಸಿದ್ಧವಾಗಿರುತ್ತದೆ: ‘ಇದು ಆಮೇಲೆ ಸೇರಿಸಿದ್ದು.’

ಕಾನೂನಿಗೆ ಬರವಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಬಾಯಿಮಾತಿನ ದೂರನ್ನು ಠಾಣಾಧಿಕಾರಿಯೇ ಬರೆಸಿ, ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು 1995ರ ನಿಯಮ ಹೇಳುತ್ತದೆ. ನಿರಾಕರಿಸಿದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಈ ಕರ್ತವ್ಯವನ್ನು ಬೇಕೆಂದೇ ಮಾಡದ, ಪರಿಶಿಷ್ಟರಲ್ಲದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆಯಾಗಬಹುದು. 14566 ಎಂಬ ಸಹಾಯವಾಣಿಯೂ 2021ರಿಂದ ಇದೆ.

ಇಷ್ಟಿದ್ದೂ ಜನ ಏಕೆ ಬರುವುದಿಲ್ಲ? ಠಾಣೆಯಿಂದ ಹೊರಟವನು ಅದೇ ಊರಿಗೆ ಹಿಂತಿರುಗಬೇಕು. “ನಾಳೆ ಅವರ ಹೊಲಕ್ಕೇ ಕೂಲಿಗೆ ಹೋಗ್ಬೇಕಲ್ಲಪ್ಪಾ, ಊರಲ್ಲೇ ಕೂತು ಬಗೆಹರಿಸ್ಕೊಳ್ಳಿ” ಎಂಬ ಬುದ್ಧಿವಾದ ಕೇಳುವುದಕ್ಕೆ ಮೃದುವಾಗಿಯೇ ಇರುತ್ತದೆ. ಅದನ್ನು ಮೀರಿ ದೂರು ಕೊಟ್ಟವನ ಮೇಲೆ ಬೆಳಗಾಗುವುದರೊಳಗೆ ಪ್ರತಿದೂರು ಬೀಳಬಹುದು. ಅಂಗಡಿಯ ಸಾಲ, ಗಿರಣಿಯ ಹಿಟ್ಟು ನಿಂತುಹೋಗಬಹುದು. ಬಹಿಷ್ಕಾರವೂ ಅಪರಾಧವೇ. ಆದರೆ ಅದನ್ನು ಹೇಳಲು ಮತ್ತೆ ಅದೇ ಮೆಟ್ಟಿಲು ಹತ್ತಬೇಕು.

ಈ ಕಷ್ಟ ನಮ್ಮದೊಂದೇ ಅಲ್ಲ. 1993ರ ಏಪ್ರಿಲ್ 22ರ ರಾತ್ರಿ ಲಂಡನ್ನಿನ ಎಲ್ಟಮ್‌ನಲ್ಲಿ, ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಕಪ್ಪು ತರುಣ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಜೊತೆಗಿದ್ದ ಗೆಳೆಯನನ್ನು ನೊಂದ ಸಾಕ್ಷಿಯಂತೆ ಪೊಲೀಸರು ನಡೆಸಿಕೊಳ್ಳಲಿಲ್ಲ. ಇದು ಪೂರ್ತಿ ವರ್ಣದ್ವೇಷದ ಕೊಲೆ ಎಂಬುದನ್ನು ತನಿಖೆಯಲ್ಲಿದ್ದ ಕೆಲವು ಅಧಿಕಾರಿಗಳು ಒಪ್ಪಲೇ ಇಲ್ಲ. ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ, ಹತ್ತೊಂಬತ್ತು ವರ್ಷ ತಡವಾಗಿ.

ಆ ಪ್ರಕರಣ ಕುರಿತು 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ 70 ಶಿಫಾರಸುಗಳನ್ನು ಮಾಡಿತು. ನೊಂದವರಾಗಲಿ ಬೇರೆ ಯಾರಾಗಲಿ ಇದು ವರ್ಣದ್ವೇಷದ ಘಟನೆ ಎಂದು ಭಾವಿಸಿದರೆ ಪೊಲೀಸರು ಹಾಗೆಂದೇ ದಾಖಲಿಸಬೇಕು ಎಂಬುದು ಅದರಲ್ಲೊಂದು. ಠಾಣೆಯಲ್ಲದೆ ಬೇರೆ ಸ್ಥಳಗಳಲ್ಲೂ, ದಿನದ 24 ಗಂಟೆಯೂ ದೂರು ಕೊಡುವಂತಿರಬೇಕು ಎಂಬುದು ಇನ್ನೊಂದು.

ಹಾಗೆ ಬರೆದುಕೊಂಡರೆ ಸುಳ್ಳು ದೂರು ಹೆಚ್ಚುವುದಿಲ್ಲವೇ ಎಂಬ ಶಂಕೆ ಅಲ್ಲೂ ಎದ್ದಿತ್ತು, ಇಲ್ಲೂ ಇದೆ. ಆದರೆ ಬರೆದುಕೊಳ್ಳುವುದೆಂದರೆ ಶಿಕ್ಷೆ ಕೊಡುವುದಲ್ಲ. ನಿಜವೋ ಸುಳ್ಳೋ ನೋಡುವುದಕ್ಕೆ ತನಿಖೆಯಿದೆ, ಮೇಲೆ ನ್ಯಾಯಾಲಯವಿದೆ. ಬರೆಯದೆ ಬಿಟ್ಟದ್ದನ್ನು ಮಾತ್ರ ಯಾವ ನ್ಯಾಯಾಲಯವೂ ಓದಲಾರದು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ‘ಏನೆಂದು ಬೈದರು, ಏಕೆ ಹೊಡೆದರೆಂದು ನಿಮಗನಿಸುತ್ತದೆ’ ಎಂಬ ಎರಡು ಪ್ರಶ್ನೆ ಪ್ರತಿ ಠಾಣೆಯಲ್ಲೂ ಕಡ್ಡಾಯವಾಗಲಿ. ಉತ್ತರವನ್ನು ಹೇಳಿದವರ ಮಾತಿನಲ್ಲೇ ಬರೆಯಲಿ. ಊರಿನ ಶಾಲೆ, ಆರೋಗ್ಯ ಕೇಂದ್ರ, ಗ್ರಂಥಾಲಯಗಳಲ್ಲೂ ದೂರು ಬರೆಸಿ ಠಾಣೆಗೆ ತಲುಪಿಸುವ ವ್ಯವಸ್ಥೆಯಾಗಲಿ. ದೂರು ಕೊಟ್ಟವರ ಮನೆಗೆ ವಾರದೊಳಗೆ ಬೀಟ್ ಪೊಲೀಸರು ಹೋಗಿ, ‘ಅಂಗಡಿಯಲ್ಲಿ ಸಾಮಾನು ಕೊಡ್ತಿದಾರಾ?’ ಎಂದು ಕೇಳಿ ಬರಲಿ. ಕೇರಿಗೆ ಪೊಲೀಸರು ಬಂದು ಹಾಗೆ ಕೇಳಿದ್ದನ್ನು ಇಡೀ ಊರು ನೋಡಿರುತ್ತದೆ.

ಠಾಣೆಯಿಂದ ಹೊರಡುವಾಗ ಆ ಹುಡುಗನ ಜೇಬಿನಲ್ಲಿ ದೂರಿನ ಪ್ರತಿ ಇರಬೇಕು. ಅವನು ಹೇಳಲು ನಾಚಿದ ಮಾತೂ ಅದರಲ್ಲಿರಬೇಕು. ಅದು ಇಲ್ಲದಿದ್ದರೆ ಮರುದಿನದ ಪತ್ರಿಕೆಯಲ್ಲಿ ಅವನ ಕಥೆ ಎರಡೇ ಪದಗಳಲ್ಲಿ ಮುಗಿಯುತ್ತದೆ.