ಚಿತ್ರಪುಸ್ತಕದಲ್ಲಿ ಒಬ್ಬ ಹೊಲಿಗೆಯ ಹುಡುಗಿ

ಚಿತ್ರಪುಸ್ತಕವೆಂದರೆ ಎಳೆಯ ಮಕ್ಕಳ ಆಟದ ಸಾಮಾನು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಕ್ಷರ ಬಾರದಿರುವ ತನಕ ಚಿತ್ರ, ಅಕ್ಷರ ಬಂದ ಮೇಲೆ ಗ್ರಂಥ ಎಂಬುದು ನಮ್ಮ ಲೆಕ್ಕ. ಹೀಗಿರುವಾಗ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೂವತ್ತು ಚಿಲ್ಲರೆ ಪುಟಗಳ ಮಕ್ಕಳ ಪುಸ್ತಕವನ್ನು ಕುರಿತು ಬರೆಯಹೊರಟರೆ ಸಹಪಾಠಿಗಳು ನಕ್ಕಾರು. ನಗಲಿ. ನಕ್ಕು ಮುಗಿದ ಮೇಲೆ ಒಂದು ಮಾತನ್ನು ಯೋಚಿಸಲಿ. ಈ ಮೂರು ವರ್ಷಗಳಲ್ಲಿ ನಾವು ಓದಿದ ಪುಸ್ತಕಗಳಲ್ಲಿ ಕೂಲಿಗೆ ದುಡಿಯುವ ಹೆಣ್ಣಿನ ಬಾಳು, ಮಗುವಿಗೂ ತಿಳಿಯುವಷ್ಟು ಸ್ಪಷ್ಟವಾಗಿ, ಎಷ್ಟರಲ್ಲಿ ಬಂದಿದೆ?

ನಾನು ಹೇಳಹೊರಟಿರುವ ಪುಸ್ತಕದ ಹೆಸರು 'ಬ್ರೇವ್ ಗರ್ಲ್'. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಬರೆದವರು ಮಿಶೆಲ್ ಮಾರ್ಕೆಲ್, ಚಿತ್ರ ರಚಿಸಿದವರು ಮೆಲಿಸಾ ಸ್ವೀಟ್. ನಮ್ಮ ಉಪನ್ಯಾಸಕರೊಬ್ಬರ ಔದಾರ್ಯದಿಂದ ಅದು ನನ್ನ ಕೈ ಸೇರಿತು. ವಲಸೆ ಬಂದವರನ್ನು ಹೊತ್ತ ಹಡಗು ನ್ಯೂಯಾರ್ಕ್ ಬಂದರನ್ನು ಸೇರುವಲ್ಲಿಂದ ಕಥೆ ಆರಂಭ. ಚಿತ್ರಗಳಲ್ಲಿ ಬಣ್ಣದ ಜೊತೆಗೆ ಬಟ್ಟೆಯ ತುಂಡುಗಳೂ ಹೊಲಿಗೆಯ ಸಾಲುಗಳೂ ಲೆಕ್ಕದ ಹಾಳೆಗಳೂ ಸೇರಿವೆ. ಕಥಾನಾಯಕಿಯ ಕಸುಬೇ ಪುಟದ ಅಲಂಕಾರವಾಗಿರುವುದು ನನಗೆ ಬಹಳ ಮೆಚ್ಚುಗೆಯಾಯಿತು.

ಆ ನಾಯಕಿ ಕ್ಲಾರಾ ಲೆಮ್ಲಿಚ್. ಅವಳು 1886ರಲ್ಲಿ, ಇಂದಿನ ಉಕ್ರೇನಿಗೆ ಸೇರಿದ ಗೊರೊಡಾಕ್ ಎಂಬ ಊರಿನ ಯಹೂದಿ ಮನೆಯಲ್ಲಿ ಹುಟ್ಟಿದಳು. ಓದಿನ ಹಸಿವಿನ ಹುಡುಗಿ. ಓದುಬರಹ ಬಾರದ ನೆರೆಹೊರೆಯವರಿಗೆ ಕಾಗದ ಬರೆದುಕೊಟ್ಟು, ಅಂಗಿಗಳಿಗೆ ಕಾಜಾ ಹಾಕಿಕೊಟ್ಟು, ಬಂದ ಕಾಸಿನಲ್ಲಿ ರಷ್ಯನ್ ಪುಸ್ತಕಗಳನ್ನು ಕೊಳ್ಳುತ್ತಿದ್ದಳು. ಮನೆಯಲ್ಲಿ ರಷ್ಯನ್ ಭಾಷೆಗೆ ನಿಷೇಧವಿತ್ತು. ಅಡಿಗೆಮನೆಯಲ್ಲಿ ಬಚ್ಚಿಟ್ಟಿದ್ದ ಆ ಪುಸ್ತಕಗಳು ತಂದೆಯ ಕಣ್ಣಿಗೆ ಬಿದ್ದು ಬೆಂಕಿಯ ಪಾಲಾದವು. ಅವಳು ಮತ್ತೆ ಕೂಡಿಸತೊಡಗಿದಳು. 1903ರಲ್ಲಿ ಕಿಶಿನೆವ್ ನಗರದಲ್ಲಿ ಯಹೂದಿಗಳ ಹತ್ಯಾಕಾಂಡವಾದ ಬಳಿಕ ಈ ಕುಟುಂಬವೂ ಊರು ಬಿಟ್ಟು ಅಮೆರಿಕಕ್ಕೆ ನಡೆಯಿತು. ಅಲ್ಲಿ ತಂದೆಗೆ ಕೆಲಸ ಸಿಗಲಿಲ್ಲ, ಮಗಳಿಗೆ ಸಿಕ್ಕಿತು. ಹೆಂಗಸರ ರವಿಕೆಯಂಥ ಅಂಗಿಗಳನ್ನು ಹೊಲಿಯುವ ಕಾರ್ಖಾನೆಗಳಿಗೆ ಅಗ್ಗದ ಕೂಲಿಯ ಹುಡುಗಿಯರು ಬೇಕಾಗಿದ್ದರು. ಹಗಲು ಹೊಲಿಗೆ, ರಾತ್ರಿ ಓದು, ಇದು ಅವಳ ದಿನಚರಿಯಾಯಿತು.

ಕಾರ್ಖಾನೆಯ ಒಳಗನ್ನು ಈ ಪುಸ್ತಕ ಮುಚ್ಚಿಟ್ಟಿಲ್ಲ. 300 ಹುಡುಗಿಯರಿಗೆ ಎರಡು ಕೊಳಕು ಪಾಯಖಾನೆ, ಕೈ ತೊಳೆಯಲು ಒಂದೇ ತೊಟ್ಟಿ, ಮೂರು ಟವಲು. ಕೆಲವು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಯಿತು. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಟ್ಟೆಗೆ ತಾಗಿದರೆ ದಂಡ. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ, ಸಂಜೆ ಹೊರಡುವಾಗ ತಪಾಸಣೆ. ಇಷ್ಟನ್ನು ಆರೇಳು ವರ್ಷದ ಮಗುವಿಗೆ ಹೇಳಬಹುದೇ ಎಂದು ಕೆಲವರು ಕೇಳಬಹುದು. ಹೇಳಬಹುದು ಎಂಬುದಕ್ಕೆ ಈ ಪುಸ್ತಕವೇ ಸಾಕ್ಷಿ. ಮೂರು ಟವಲನ್ನು 300 ಜನಕ್ಕೆ ಹಂಚುವ ಲೆಕ್ಕ ಮಗುವಿಗೆ ನಮಗಿಂತ ಬೇಗ ಅರ್ಥವಾಗುತ್ತದೆ.

ಇಲ್ಲಿ ನನ್ನ ಮನೆಯ ಮಾತನ್ನು ತರುವುದಕ್ಕೆ ಅಪ್ಪಣೆ ಬೇಡುತ್ತೇನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಅಕ್ಕ ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಮುಂದೆ ವಯಸ್ಸು ತುಂಬಿದ ಮೇಲೆ ಗಾರ್ಮೆಂಟ್ಸಿಗೆ ಸೇರಿದವಳು. ನನ್ನ ಫೀಜು, ಬಸ್ ಪಾಸು, ಪುಸ್ತಕ ಎಲ್ಲವೂ ಅವಳ ಸಂಬಳದಿಂದ. ಒಂದು ಭಾನುವಾರ ಈ ಪುಸ್ತಕವನ್ನು ಅವಳ ಮುಂದಿಟ್ಟು ಪುಟಪುಟಕ್ಕೂ ಅರ್ಥ ಹೇಳಿದೆ. ಹುಡುಗಿಯರು ಸಾಲುಸಾಲಾಗಿ ಮಿಷನ್ ಮುಂದೆ ಕುಳಿತ ಚಿತ್ರ ಬಂದಾಗ ಅವಳು, "ಲೈನ್ ಅಂದ್ರೆ ಇದೇ ಕಣೋ. ನೀರು ಕುಡಿಯೋಕೆ ಎದ್ರೂ ಸೂಪರ್‌ವೈಜರ್ ಕೂಗ್ತಾನೆ ಅಂತ ಬರೆದಿಲ್ವಾ?" ಎಂದಳು. ಕೊನೆಗೆ ಪುಸ್ತಕ ಮುಚ್ಚಿ, "ಇಂಥಾದ್ದನ್ನೂ ಪುಸ್ತಕ ಮಾಡ್ತಾರೇನೋ?" ಎಂದು ಕೇಳಿದಳು. ನನ್ನ ಈ ಲೇಖನಕ್ಕೆ ಆ ಪ್ರಶ್ನೆಯೇ ಪ್ರೇರಣೆ. ತನ್ನ ದುಡಿಮೆ ಪುಸ್ತಕವಾಗಲು ಯೋಗ್ಯವಲ್ಲವೆಂದು ದುಡಿಯುವವಳೇ ನಂಬಿಬಿಟ್ಟಿದ್ದಾಳೆ. ಈ ನಂಬಿಕೆಯನ್ನು ಅವಳಲ್ಲಿ ಬಿತ್ತಿದವರಾರು? ಅವಳ ಸಾಲಿನವರ ಕಥೆಯೊಂದೂ ಇಲ್ಲದ ಪುಸ್ತಕಗಳನ್ನು ಅವಳಿಗೆ ಓದಿಸಿದ ನಾವೇ ಅಲ್ಲವೆ?

ಕಥೆಯ ತಿರುಳಿರುವುದು 1909ರ ನವೆಂಬರ್ 22ರ ಸಭೆಯಲ್ಲಿ. ಅದಕ್ಕೆ ಮೊದಲೇ ಕ್ಲಾರಾ ತನ್ನ ಕಾರ್ಖಾನೆಯಲ್ಲಿ ಮುಷ್ಕರಕ್ಕೆ ನಿಂತು, ಬಾಡಿಗೆ ಗೂಂಡಾಗಳಿಂದ ಪೆಟ್ಟು ತಿಂದು, ಆರು ಪಕ್ಕೆಲುಬು ಮುರಿಸಿಕೊಂಡಿದ್ದಳು. ಕೂಪರ್ ಯೂನಿಯನ್ ಸಭಾಂಗಣದಲ್ಲಿ ಕಾರ್ಮಿಕರು ಕಿಕ್ಕಿರಿದಿದ್ದರು. ಸ್ಯಾಮ್ಯುಯೆಲ್ ಗಾಂಪರ್ಸ್ ಮುಂತಾದ ನಾಯಕರು ಎರಡು ಗಂಟೆಯ ಕಾಲ ಎಚ್ಚರಿಕೆಯ ಮಾತುಗಳನ್ನೇ ಆಡಿದರು. ಆಗ ಈ 23ರ ಹುಡುಗಿ ವೇದಿಕೆಗೆ ಬಂದು, ಮಾತು ಸಾಕು, ಸಾರ್ವತ್ರಿಕ ಮುಷ್ಕರ ಹೂಡೋಣ ಎಂದಳು. ನೆರೆದವರು ಕೈಯೆತ್ತಿ ಪ್ರತಿಜ್ಞೆ ಮಾಡಿದರು. ಮುಂದಿನ ಎರಡು ದಿನಗಳಲ್ಲಿ ಸುಮಾರು 20,000 ಮಂದಿ, ಬಹುಪಾಲು ಹೆಣ್ಣುಮಕ್ಕಳು, ಕೆಲಸ ಬಿಟ್ಟು ಬೀದಿಗಿಳಿದರು.

ಅವಳು ಮಾತಾಡಿದ್ದು ಇಂಗ್ಲಿಷಿನಲ್ಲಲ್ಲ, ತನ್ನ ಮನೆಮಾತಾದ ಯಿಡ್ಡಿಷ್ ಭಾಷೆಯಲ್ಲಿ. ಇಂಗ್ಲಿಷ್ ಬಾರದೆಂದು ಚರ್ಚಾಸ್ಪರ್ಧೆಯ ದಿನ ಹಿಂದಿನ ಬೆಂಚಿನಲ್ಲಿ ಅಡಗುವ ನಮ್ಮಂಥ ಹಳ್ಳಿಯ ವಿದ್ಯಾರ್ಥಿಗಳು ಇದನ್ನು ಮನನ ಮಾಡಬೇಕು. ಹೇಳಲೇಬೇಕಾದ ಮಾತಿದ್ದವರಿಗೆ ತಾಯಿನುಡಿ ಅಡ್ಡಿಯಾಗದು.

ಮುಷ್ಕರ 1910ರ ಫೆಬ್ರವರಿಯವರೆಗೆ ನಡೆಯಿತು. ಮುನ್ನೂರಕ್ಕೂ ಮಿಕ್ಕಿದ ಕಂಪನಿಗಳು ಒಪ್ಪಂದಕ್ಕೆ ಬಂದವು. ಕೆಲಸದ ಗಂಟೆ ಇಳಿಯಿತು, ಕೂಲಿ ಏರಿತು. ಪುಸ್ತಕದ ಕಥೆ ಈ ಗೆಲುವಿನಲ್ಲಿ ಮುಗಿಯುತ್ತದೆ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಟ್ರಯಾಂಗಲ್ ಎಂಬ ದೊಡ್ಡ ಕಂಪನಿ ಕೂಲಿಯಲ್ಲಿ ಒಂದಿಷ್ಟು ಬಗ್ಗಿದರೂ ಸಂಘವನ್ನು ಮಾನ್ಯ ಮಾಡಲಿಲ್ಲ. 1911ರ ಮಾರ್ಚ್ 25ರಂದು ಅದೇ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಲಸೆ ಬಂದ ಹುಡುಗಿಯರು. ಒಂಬತ್ತನೆಯ ಮಹಡಿಯಲ್ಲಿ ಹೊರಬೀಳುವ ಬಾಗಿಲೊಂದಕ್ಕೆ ಬೀಗವಿತ್ತು. ಮಾಲೀಕರು ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಆ ಸಾವುಗಳ ನಂತರವೇ ನ್ಯೂಯಾರ್ಕ್ ಸಂಸ್ಥಾನದಲ್ಲಿ ಕಾರ್ಖಾನೆಗಳ ತನಿಖೆಗೆ ಆಯೋಗ ನೇಮಕವಾಗಿ ಹೊಸ ಕಾನೂನುಗಳು ಬಂದವು. ಸುಟ್ಟ ಹೆಣಗಳನ್ನು ಮಕ್ಕಳಿಗೆ ತೋರಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಬೀಗದ ಬಾಗಿಲನ್ನು ಮೊದಲ ಪುಟಗಳಲ್ಲಿ ತೋರಿಸಿದ ಮೇಲೆ, ಗೆದ್ದ ಮೇಲೂ ಒಂದು ಬಾಗಿಲು ಮುಚ್ಚಿಯೇ ಇತ್ತೆಂದು ಕೊನೆಯಲ್ಲಿ ಹೇಳಬೇಕಾಗಿತ್ತು. ಒಮ್ಮೆ ಗೆದ್ದರೆ ಸಾಕೆಂಬ ಭ್ರಮೆ ಮಕ್ಕಳಿಗೂ ಒಳ್ಳೆಯದಲ್ಲ.

ಕ್ಲಾರಾಳ ಬಾಳೂ 23ಕ್ಕೆ ನಿಲ್ಲಲಿಲ್ಲ. ಮಾಲೀಕರು ಅವಳಿಗೆ ಕೆಲಸ ಸಿಗದಂತೆ ಮಾಡಿದರು. ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದಳು. ಮದುವೆಯಾಗಿ ಮಕ್ಕಳಾದ ಮೇಲೆ ಗೃಹಿಣಿಯರನ್ನು ಕೂಡಿಸಿ ಮನೆಬಾಡಿಗೆಯ ಮತ್ತು ಮಾಂಸದ ಬೆಲೆಯ ವಿರುದ್ಧ ಹೋರಾಡಿದಳು. ಕಮ್ಯುನಿಸ್ಟ್ ಪಕ್ಷ ಸೇರಿದಳು. ಮುಪ್ಪಿನಲ್ಲಿ ಲಾಸ್ ಏಂಜಲೀಸಿನ ವೃದ್ಧಾಶ್ರಮದಲ್ಲಿದ್ದಾಗಲೂ ಅಲ್ಲಿನ ಆಳುಗಳು ಸಂಘ ಕಟ್ಟಲು ನೆರವಾದಳು. 1982ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಧೈರ್ಯವೆಂಬುದು ಒಂದು ಸಂಜೆಯ ಭಾಷಣವಲ್ಲ, ಆಯುಷ್ಯವಿಡೀ ನಡೆಸುವ ಕಾಯಕ ಎಂಬುದಕ್ಕೆ ಈ ಉತ್ತರಾರ್ಧವೇ ನಿದರ್ಶನ.

ಇದು ದೂರದ ದೇಶದ ಕಥೆಯೆಂದು ಯಾರೂ ಭಾವಿಸಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಫ್. ನಿಯಮವನ್ನು ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ಪಡೆಯುವಂತಿಲ್ಲವೆಂದಿತು. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಹೆಸರಾಂತ ನಾಯಕರಿಲ್ಲದೆ ನಡೆದ ಈ ಸಂಗತಿಯನ್ನು ನಮ್ಮ ಊರಿನ ಎಷ್ಟು ಮಕ್ಕಳು ಬಲ್ಲರು? ನಾವು ಬಾಲ್ಯದಲ್ಲಿ ಓದಿದ 'ಅಮರ ಚಿತ್ರ ಕಥೆ'ಗಳಲ್ಲಿ ರಾಜರು, ಋಷಿಗಳು, ವೀರರು ಇದ್ದರು. ಅವರು ಇರಲಿ, ಅವರ ಪಕ್ಕದಲ್ಲಿ ಕತ್ತರಿ ಹಿಡಿದವಳಿಗೂ ಒಂದು ಪುಟ ದೊರೆಯಲಿ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ಮಕ್ಕಳಿಗೆ ಕಲಿಸುತ್ತೇವೆ. ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂಬುದನ್ನೂ ಕಲಿಸಬೇಡವೆ?

ಆದುದರಿಂದ ಗುರುಗಳಲ್ಲಿಯೂ ಮಿತ್ರರಲ್ಲಿಯೂ ನನ್ನದೊಂದು ಬಿನ್ನಹ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಪದವೀಧರರಾಗುವವರು ಬಹಳ ಮಂದಿ ಇದ್ದಾರೆ. ಪ್ರತಿಯೊಬ್ಬರ ಹಿಂದೆಯೂ ಹೊಲದಲ್ಲೋ ಮಿಲ್ಲಿನಲ್ಲೋ ಯಾರದೋ ಮನೆಯ ಅಡಿಗೆಯಲ್ಲೋ ದುಡಿದ ಹೆಣ್ಣೊಬ್ಬಳಿದ್ದಾಳೆ. ಬರುವ ರಜದಲ್ಲಿ ಅವಳ ಮುಂದೆ ಕುಳಿತು ಅವಳ ಬಾಳನ್ನು ಕೇಳಿ ಬರೆದುಕೊಳ್ಳೋಣ: ಎಷ್ಟು ಗಂಟೆಗೆ ಏಳುತ್ತಿದ್ದಳು, ಎಷ್ಟು ಕೂಲಿ, ಯಾವ ದಂಡ, ಯಾವ ದಿನ ಎದುರು ಮಾತಾಡಿದಳು. ಚಿತ್ರ ಬಲ್ಲ ಗೆಳೆಯರು ಚಿತ್ರ ಬರೆಯಲಿ. ಕನ್ನಡ ಸಂಘವು ಅದನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿ ಸುತ್ತಲಿನ ಪ್ರಾಥಮಿಕ ಶಾಲೆಗಳಿಗೆ ಕೊಡಲಿ. ಅವರ ದುಡಿಮೆಯಿಂದ ಅಕ್ಷರ ಕಲಿತ ನಾವು ಆ ಅಕ್ಷರದಲ್ಲಿ ಮೊದಲು ಬರೆಯಬೇಕಾದ ಕಥೆ ಅವರದೇ.